ಎರಡು ಅಂಕಣ

ನ್ಯೂಕಾಸಲ್, ಎಂಬತ್ತೆಂಟರ ಫೆಬ್ರುವರಿ.
ದುಡ್ಡಿರುವುದು ಒಂದಕ್ಕೇ, ವಿನ್ಯಾಸ ಎರಡು;
ಹೋಲಿಸಿ ಬರೆ, ಆರು ಪುಟ ಮೀರದಂತೆ, ಎಂದರು.
ಹಾಳೆಯ ನಡುವೆ ಸ್ಕೇಲಿಟ್ಟು ಗೆರೆ ಎಳೆದೆ.
ಎಡಕ್ಕೆ ಐಲ್ಸಾ ರಾಬ್ಸನ್. ಬಲಕ್ಕೆ ಥರ್ಲ್‌ವೆಲ್.

ಐಲ್ಸಾಳದು ಹೊಲಿಗೆ ಕಾಣದ ಬಟ್ಟೆ.
ನೆಲಮಾಳಿಗೆಯ ಹನ್ನೊಂದು ಯಂತ್ರಕ್ಕೂ ಒಂದೇ ಹೆಸರು,
ಕಡತಗಳ ಮರಕ್ಕೆ ಒಂದೇ ಬೇರು.
ನಿನ್ನ ಕೆಲಸ ಯಾವ ಪೆಟ್ಟಿಗೆಯಲ್ಲಿ ನಡೆಯುತ್ತಿದೆ
ಎಂದು ಕೇಳುವುದೇ ಅವಳ ಮುಂದೆ ಅಸಭ್ಯ.
ಹೀಟನ್ನಿನ ಲಾಂಡ್ರಿಗೆ ಕರೆದೊಯ್ದು ತೋರಿಸಿದಳು:
ಖಾಲಿ ಇರುವುದಕ್ಕೆ ಬಟ್ಟೆ ತುರುಕು, ನಾಣ್ಯ ಹಾಕು,
ಬಾಗಿಲ ಮೇಲಿನ ನಂಬರು ಯಾಕೆ ಬೇಕು ನಿನಗೆ?
ಅಂದು ನನ್ನ ಹಳದಿ ರವಿಕೆ
ಯಾರದೋ ಜೀನ್ಸಿನ ನೀಲಿ ಹಿಡಿದು ಹೊರಬಂತು.
ಅದನ್ನು ವರದಿಯಲ್ಲಿ ಬರೆಯಲಿಲ್ಲ.

ಥರ್ಲ್‌ವೆಲ್ ಗಣಿಯೂರಿನವನು, ಆಷಿಂಗ್ಟನ್.
ಅವನಲ್ಲಿ ಪ್ರತಿ ಯಂತ್ರಕ್ಕೂ ಅದರದೇ ಹೊಸ್ತಿಲು.
ಪಕ್ಕದ ಮನೆಯ ಕಡತ ಬೇಕೆ, ಹೆಸರು ಹಿಡಿದು ಕೂಗು,
ಬಾಗಿಲು ತಟ್ಟು, ಇಲ್ಲವೆಂದರೆ ಇಲ್ಲ.
ಎಂಟು ಗಡಿಯಾರಕ್ಕೆ ಎಂಟು ‘ಈಗ’,
ಇರಲಿ ಬಿಡು, ಎಂದು ನಗುವನು.
‘ದೂರವನ್ನು ಬಚ್ಚಿಟ್ಟರೆ ಅದು ಸುಳ್ಳು.
ಅಪ್ಪ ಗಣಿಗಿಳಿಯುವಾಗ ಹಿತ್ತಾಳೆಯ ಬಿಲ್ಲೆ
ಮೊಳೆಗೆ ನೇತುಹಾಕುತ್ತಿದ್ದ. ಎಷ್ಟು ಜನ ಒಳಗೆ,
ಗೋಡೆ ನೋಡಿದರೆ ಗೊತ್ತಾಗಬೇಕು.’

ನಾನು ಶಾಲೆಯ ವ್ಯಾಕರಣಕ್ಕೆ ಹೋದೆ, ಅಭ್ಯಾಸಬಲ.
ಐಲ್ಸಾಳದು ಸಂಧಿ: ಊರು ಊರು ಕೂಡಿ ಊರೂರು,
ನಡುವೆ ಸತ್ತ ಉಕಾರಕ್ಕೆ ಅಳುವವರಿಲ್ಲ.
ಅವನದು ಪದ ಬಿಡಿಸಿ ಬರೆದ ವಾಕ್ಯ,
ಪ್ರತಿ ಸಂದಿನಲ್ಲೂ ಗಾಳಿ.
ತಂತಿಯ ಮೇಲೆ ಹೋಗುವ ಸಂದೇಶಕ್ಕಂತೂ
ಇಬ್ಬರ ಮನೆಯಲ್ಲೂ ಅವೇ ಮೂರು ಗತಿ,
ಲೋಪ, ಆಗಮ, ಆದೇಶ:
ದಾರಿಯಲ್ಲಿ ಬಿದ್ದುಹೋಗುವುದು,
ಕರೆಯದೆ ಎರಡನೆಯ ಸಲ ಬರುವುದು,
ಒಂದರ ಜಾಗದಲ್ಲಿ ಇನ್ನೊಂದು ಕೂರುವುದು.

ವೇಗ, ಖರ್ಚು, ಭದ್ರತೆ. ನಾಲ್ಕು ಪುಟವಾಯಿತು.

ಮಾರ್ಚಿಯ ಒಂದು ರಾತ್ರಿ, ಎರಡು ಗಂಟೆಗೆ,
ಕರೆಂಟು ಹೋಗಿ ಬಂತು.
ಬೆಳಿಗ್ಗೆ ಕೆಳಗಿಳಿದರೆ ಐಲ್ಸಾಳ ಹನ್ನೊಂದೂ ಮಲಗಿವೆ,
ಒಂದೇ ಮೈ, ಒಂದೇ ಜ್ವರ.
ಏಳನೆಯದರ ಡಿಸ್ಕು ಹೋಗಿತ್ತು, ಅಷ್ಟೇ;
ಮಿಕ್ಕವಕ್ಕೆ ತಾವಿನ್ನೂ ಹತ್ತಿದ್ದೇವೆಂದು
ಯಾರೂ ಹೇಳಿಕೊಟ್ಟಿರಲಿಲ್ಲ.
ಥರ್ಲ್‌ವೆಲ್‌ನವು ಎಂಟರಲ್ಲಿ ಆರು ಎದ್ದಿದ್ದವು, ಸರಿ.
ಎದ್ದು, ಹಿರಿಯ ಯಾರೆಂದು
ಬೆಳಗಿನವರೆಗೂ ಮತ ಹಾಕುತ್ತಿದ್ದವು, ಮೂರಕ್ಕೆ ಮೂರು.
ಹತ್ತು ಜನರಿದ್ದಲ್ಲಿ ಹಾವು ಸಾಯುವುದಿಲ್ಲ.
ಮೂಲೆಯದೊಂದು ಮಾತ್ರ ಸತ್ತ ಪಕ್ಕದವನನ್ನು
ಅರೆ ನಿಮಿಷಕ್ಕೊಮ್ಮೆ ಕೇಳುತ್ತಿತ್ತು: ಇದ್ದೀಯಾ?
ಇದ್ದೀಯಾ?
ಪ್ರಿಂಟರಿನ ಕಾಗದ ನೆಲಕ್ಕಿಳಿದು
ಮಡಿಕೆ ಮಡಿಕೆಯಾಗಿ ಬಾಗಿಲವರೆಗೆ ಬಂದಿತ್ತು.

ಸತ್ತವನೂ ತಡಮಾಡುವವನೂ ತಂತಿಯ ಈ ತುದಿಗೆ
ಒಂದೇ ಥರ ಕೇಳಿಸುತ್ತಾರೆ.
ಎಷ್ಟು ಹೊತ್ತು ಕಾಯಬೇಕೆಂಬುದು
ವಿನ್ಯಾಸವಲ್ಲ, ಸ್ವಭಾವ.
ಇದನ್ನು ಯಾವ ಅಂಕಣಕ್ಕೆ ಹಾಕಲಿ?

ಗೆರೆಯ ಮೇಲೆಯೇ ಬರೆದೆ, ಅಕ್ಷರಗಳ ಕೈಕಾಲು
ಎರಡೂ ಕಡೆ ಚಾಚಿಕೊಂಡವು.
ಟೈಪು ಮಾಡುವ ಮಿಸೆಸ್ ಫೆನ್ವಿಕ್
ಹೊಡೆದುಹಾಕಿದ ಸಾಲೆಂದು ತಿಳಿದು ಬಿಟ್ಟುಬಿಟ್ಟಳು.
ಲೋಪ.

ದುಡ್ಡು ಕೊನೆಗೆ ಇಬ್ಬರಿಗೂ ಬರಲಿಲ್ಲ;
ಆ ನೆಲಮಾಳಿಗೆಯಲ್ಲೀಗ ಸೈಕಲ್ ನಿಲ್ಲಿಸುತ್ತಾರೆ.
ಐಲ್ಸಾ ಹಲ್ ನಗರಕ್ಕೆ ಹೋದಳು, ಭಾನುವಾರ ಫೋನು ಮಾಡುತ್ತಾಳೆ,
ಎಲ್ಲಿಂದ ಎಂದು ಇಂದಿಗೂ ಹೇಳುವುದಿಲ್ಲ.
ಥರ್ಲ್‌ವೆಲ್‌ನ ಕಡೆಯ ಕಾಗದ ತೊಂಬತ್ತಾರರದು.
ಡಿಸೆಂಬರು ಬಂದರೆ ಒಂದು ಕಾರ್ಡು ಹಾಕುತ್ತೇನೆ
ಆಷಿಂಗ್ಟನ್ನಿನ ಅದೇ ವಿಳಾಸಕ್ಕೆ, ಹೆಸರು ಹಿಡಿದು.

ಉತ್ತರವಿಲ್ಲ.
ವಾಪಸೂ ಬಂದಿಲ್ಲ.